ಕಾಲು ಚುರುಕು ಅಂದ್ರೆ ತಲೆ ಮಂದ ಅಂತಾನಾ?

ಅಮೆರಿಕಕ್ಕೆ ಬಂದ ಹೊಸದರಲ್ಲಿ ಇಲ್ಲಿನ ಫುಟ್‌ಬಾಲ್ ನೋಡಿ ನನಗೆ ನಗು ಬಂದಿತ್ತು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ ಇರೋ ಆಟಕ್ಕೆ ಫುಟ್‌ಬಾಲ್ ಅಂತ ಹೆಸರು! ನಾಲ್ಕೈದು ಸೆಕೆಂಡ್ ಆಟ, ಆಮೇಲೆ ಅರ್ಧ ನಿಮಿಷ ಮಾತು. ಆದರೆ ರೂಮ್‌ಮೇಟ್ ಜೊತೆ ಭಾನುವಾರಗಳು ಕಳೀತಾ ಕಳೀತಾ ನನಗೂ ಹುಚ್ಚು ಹಿಡೀತು. ಆಟ ಅರ್ಥವಾದ ಮೇಲೆ ಆ ಅರ್ಧ ನಿಮಿಷದ ಮಾತಿನ ಕಡೆ ಕಿವಿ ಹೋಗೋಕೆ ಶುರುವಾಯ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಅಂದ್ರೆ ತಂಡದ ತಲೆ. ಚೆಂಡು ಮೊದಲು ಬರೋದು ಅವನ ಕೈಗೆ. ಎದುರಾಳಿಗಳು ಹೇಗೆ ನಿಂತಿದ್ದಾರೆ ಅಂತ ನೋಡಿ, ಯಾರಿಗೆ ಎಸೀಬೇಕು, ಯಾವಾಗ ಎಸೀಬೇಕು ಅಂತ ಕಣ್ಣು ಮಿಟುಕಿಸೋದರಲ್ಲಿ ತೀರ್ಮಾನ ಮಾಡಬೇಕು. ದಶಕಗಳ ಕಾಲ ಕಪ್ಪು ಆಟಗಾರರಿಗೆ ಸಿಗದೇ ಇದ್ದದ್ದು ಈ ಜಾಗವೇ. ಓಡೋಕೆ, ಚೆಂಡು ಹಿಡಿಯೋಕೆ ಅವರು ಬೇಕು. ಯೋಚನೆ ಮಾಡೋ ಕೆಲಸಕ್ಕೆ ಬೇಡ.

1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1953ರಲ್ಲಿ ವಿಲ್ಲಿ ಥ್ರೋವರ್ ಶಿಕಾಗೋ ಬೇರ್ಸ್ ಪರ ಒಂದಿಷ್ಟು ಹೊತ್ತು ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ. ಹೆಸರಲ್ಲೇ 'ಎಸೆಯುವವನು' ಅಂತ ಇದ್ರೂ ಎಂಟೇ ಎಸೆತ ಎಸೆಯೋಕೆ ಬಿಟ್ಟದ್ದು! 1968ರಲ್ಲಿ ಮಾರ್ಲಿನ್ ಬ್ರಿಸ್ಕೋ ಡೆನ್ವರ್ ಪರ ತನ್ನ ಮೊದಲ ವರ್ಷವೇ 14 ಟಚ್‌ಡೌನ್ ಪಾಸ್ ಎಸೆದ. ಬಹುಮಾನ ಏನು ಗೊತ್ತಾ? ಮರುವರ್ಷ ಆ ತಂಡದಲ್ಲಿ ಅವನಿಗೆ ಜಾಗವೇ ಇರಲಿಲ್ಲ. ಬಫಲೋಗೆ ಹೋಗಿ ಚೆಂಡು ಹಿಡಿಯುವವನಾದ, ಆಮೇಲೆ ಮಯಾಮಿ ತಂಡದ ಜೊತೆ ಎರಡು ಸೂಪರ್ ಬೌಲ್ ಗೆದ್ದ. ಮತ್ತೆ ಕ್ವಾರ್ಟರ್‌ಬ್ಯಾಕ್ ಆಗಿ ಒಂದು ಪಂದ್ಯವನ್ನೂ ಶುರು ಮಾಡಲಿಲ್ಲ. ವಾರೆನ್ ಮೂನ್ 1978ರಲ್ಲಿ ಜಾಗ ಬದಲಾಯಿಸಲ್ಲ ಅಂತ ಹಟ ಹಿಡಿದು ಕೆನಡಾಕ್ಕೇ ಹೋಗಿಬಿಟ್ಟ. ಅಲ್ಲಿ ಸತತ ಐದು ಗ್ರೇ ಕಪ್ ಗೆದ್ದ ತಂಡದಲ್ಲಿದ್ದ. ಆಮೇಲೆ, 1984ರಲ್ಲಿ, ಎನ್‌ಎಫ್‌ಎಲ್ ಬಾಗಿಲು ತೆರೀತು.

ಇದರಲ್ಲಿ ಕೋಚ್‌ಗಳದ್ದು, ಮಾಲೀಕರದ್ದು ದೊಡ್ಡ ಪಾಲು ಅನ್ನೋದು ನಿಜ. ಆದರೆ ಜನ ಏನು ನಂಬಬೇಕು ಅಂತ ದಿನಾ ಕಿವಿಗೆ ಹಾಕ್ತಿದ್ದದ್ದು ಮಾಧ್ಯಮ. 1977ರಲ್ಲೇ ಅಮೆರಿಕದ ಸಂಶೋಧಕರು ಟಿವಿ ಕಾಮೆಂಟರಿಯನ್ನು ಬರೆದಿಟ್ಟುಕೊಂಡು ಅಧ್ಯಯನ ಮಾಡಿದ್ರು. ಬಿಳಿ ಆಟಗಾರರಿಗೆ ಹೊಗಳಿಕೆ, ಸಹಾನುಭೂತಿ ಹೆಚ್ಚು ಸಿಕ್ತಿತ್ತು ಅನ್ನೋದು ಅವರಿಗೆ ಕಂಡ ವಿಷಯ. ಯಾರೂ ಬೈದಿರಲಿಲ್ಲ, ನೆನಪಿಡಿ. ಬಿಳಿಯವನು ಗೆದ್ದರೆ 'ಬುದ್ಧಿವಂತ', ಕಪ್ಪು ಆಟಗಾರ ಗೆದ್ದರೆ 'ಹುಟ್ಟಾ ಕಸುವು ಇರೋನು'. ಎರಡೂ ಹೊಗಳಿಕೆಯೇ. ಆದರೆ ಮೊದಲನೆಯದು ಅವನು ಮಾಡಿದ ಕೆಲಸಕ್ಕೆ, ಎರಡನೆಯದು ಅವನ ಮೈಗೆ.

1988ರ ಜನವರಿಯಲ್ಲಿ ಡಗ್ ವಿಲಿಯಮ್ಸ್ ಸೂಪರ್ ಬೌಲ್‌ನಲ್ಲಿ ಆಟ ಶುರು ಮಾಡಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದ. ಪಂದ್ಯದ ಹಿಂದಿನ ವಾರವೆಲ್ಲ ಪತ್ರಕರ್ತರು ಮತ್ತೆ ಮತ್ತೆ ಕೇಳಿದ್ದು ಬಣ್ಣದ ಬಗ್ಗೆ. 'ಎಷ್ಟು ದಿನದಿಂದ ನೀನು ಕಪ್ಪು ಕ್ವಾರ್ಟರ್‌ಬ್ಯಾಕ್ ಆಗಿದ್ದೀಯ?' ಅಂತ ಒಬ್ಬ ಕೇಳಿದ ಅನ್ನೋ ಕತೆ ಇವತ್ತಿಗೂ ಓಡಾಡುತ್ತೆ. ನಾನೂ ಅದನ್ನ ನಾಲ್ಕು ಜನಕ್ಕೆ ಹೇಳಿ ನಕ್ಕಿದ್ದೆ. ಆಮೇಲೆ ಓದಿ ಪೆಚ್ಚಾದೆ. ಆ ಮಿಸಿಸಿಪಿ ಪತ್ರಕರ್ತ ಕೇಳಿದ್ದು, 'ನೀನು ಮೊದಲಿಂದಲೂ ಕಪ್ಪು ಕ್ವಾರ್ಟರ್‌ಬ್ಯಾಕೇ, ಅದು ಮುಖ್ಯ ಆಗೋಕೆ ಶುರುವಾಗಿದ್ದು ಯಾವಾಗ?' ಅನ್ನೋ ಅರ್ಥದಲ್ಲಂತೆ. ಗದ್ದಲದಲ್ಲಿ ವಿಲಿಯಮ್ಸ್‌ಗೆ ಬೇರೆ ಥರ ಕೇಳಿಸಿತು. ಆ ವಾರದ ಒಂದೇ ಒಂದು ಒಳ್ಳೆ ಪ್ರಶ್ನೆ ಹಾಗೆ ಜೋಕಾಗಿ ಹೋಯ್ತಲ್ಲ ಅನ್ನಿಸಿತು! ವಿಲಿಯಮ್ಸ್ ಮಾತ್ರ ಎರಡನೇ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಪಾಸ್ ಎಸೆದು, 42-10ರಲ್ಲಿ ಗೆಲ್ಲಿಸಿ ಪಂದ್ಯಶ್ರೇಷ್ಠನಾದ.

ಅಲ್ಲಿಗೆ ಮುಗೀತಾ? ಎಲ್ಲಿ... 2003ರಲ್ಲಿ ರೇಡಿಯೋ ಮಾತುಗಾರ ರಶ್ ಲಿಂಬಾ ಇಎಸ್‌ಪಿಎನ್‌ನಲ್ಲಿ ಕೂತು, ಕಪ್ಪು ಕ್ವಾರ್ಟರ್‌ಬ್ಯಾಕ್ ಗೆಲ್ಲಲಿ ಅಂತ ಮಾಧ್ಯಮಕ್ಕೆ ಆಸೆ, ಅದಕ್ಕೇ ಡೊನೊವನ್ ಮೆಕ್‌ನ್ಯಾಬ್‌ನ ಅತಿಯಾಗಿ ಹೊಗಳ್ತಾರೆ ಅಂದ. ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಡಬೇಕಾಯ್ತು. 2018ರಲ್ಲಿ ಲಮಾರ್ ಜಾಕ್ಸನ್ ಬಂದಾಗ, ಅನುಭವಿ ವಿಶ್ಲೇಷಕ ಬಿಲ್ ಪೋಲಿಯನ್ ಅವನು ಕ್ವಾರ್ಟರ್‌ಬ್ಯಾಕ್ ಆಗೋದು ಬಿಟ್ಟು ಚೆಂಡು ಹಿಡಿಯೋ ಜಾಗಕ್ಕೆ ಹೋಗಲಿ ಅಂದ. ಬ್ರಿಸ್ಕೋಗೆ ಆಗಿ ಐವತ್ತು ವರ್ಷ ಆಗಿತ್ತು, ಸಲಹೆ ಅದೇ! ಜಾಕ್ಸನ್ ಆಯ್ಕೆಯಾಗಿದ್ದು 32ನೆಯವನಾಗಿ. 2019ರಲ್ಲಿ ಆ 'ಓಟಗಾರ' 36 ಟಚ್‌ಡೌನ್ ಪಾಸ್ ಎಸೆದು ಇಡೀ ಲೀಗ್‌ಗೆ ಮೊದಲಿಗನಾದ. ಐವತ್ತಕ್ಕೆ ಐವತ್ತೂ ಮತ ಅವನಿಗೇ ಬಿದ್ದು ಎಂವಿಪಿ ಪ್ರಶಸ್ತಿ ಬಂತು. ತಪ್ಪಾಯ್ತು ಅಂತ ಪೋಲಿಯನ್ ಒಪ್ಪಿಕೊಂಡ, ಅಷ್ಟು ದೊಡ್ಡತನ ಇತ್ತು.

ಈ ಎಲ್ಲ ನನ್ನ ತಲೆಗೆ ಯಾಕೆ ಹತ್ತಿತು ಅಂತೀರಾ? ನನ್ನ ಮೊದಲ ಕೆಲಸದಲ್ಲಿ ಅಪ್ರೈಸಲ್‌ಗೆ 'ತುಂಬಾ ಕಷ್ಟಪಟ್ಟು ಕೆಲಸ ಮಾಡ್ತಾನೆ' ಅಂತ ಬರೆದಿದ್ರು. ಹಿಗ್ಗಿ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಡಿಸೈನ್ ಮೀಟಿಂಗ್‌ಗಳಿಗೆ ಮಾತ್ರ ಕರೀತಿರಲಿಲ್ಲ. ಆ ಹೊಗಳಿಕೆಯ ಅರ್ಥ ಹೊಳೆಯೋಕೆ ಒಂದು ವರ್ಷ ಹಿಡೀತು. ಥ್ರೋವರ್, ಬ್ರಿಸ್ಕೋ ಪಟ್ಟಿದ್ದರ ಮುಂದೆ ಇದು ಏನೂ ಅಲ್ಲ, ಹೋಲಿಸೋಕೂ ನಾಚಿಕೆ. ಆದರೂ ಅಂಥ ಮಾತಿನ ರುಚಿ ನಾಲಿಗೆಗೆ ಗೊತ್ತಿದೆ.

ಗೊತ್ತಿದ್ದೂ ನಾನೇನು ಮಾಡಿದೆ ಕೇಳಿ. ನಾನು ಪೂರ್ತಿ ಕೂತು ನೋಡಿದ ಮೊದಲ ಸೂಪರ್ ಬೌಲ್ 2023ರದ್ದು. ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳೇ ಆಟ ಶುರು ಮಾಡಿದ ಮೊದಲ ಸೂಪರ್ ಬೌಲ್ ಕೂಡ ಅದೇ. ಮಹೋಮ್ಸ್ ಗೆದ್ದ, ಜೇಲನ್ ಹರ್ಟ್ಸ್ ಸೋತ. ಪಂದ್ಯ ಮುಗಿದಾಗ ರೂಮ್‌ಮೇಟ್‌ಗೆ ನಾನಂದದ್ದು, "ಹರ್ಟ್ಸ್ ಏನು ಓಡ್ತಾನೆ ಮಾರಾಯ!"

ಅವತ್ತು ಅವನು ಓಡಿದ್ದು 70 ಗಜ. ಎಸೆದದ್ದು 304 ಗಜ.

ನಿಮ್ಮ ಬಾಯಲ್ಲೂ ಇಂಥ ಮಾತು ಬಂದದ್ದಿದೆಯಾ? ಇದ್ರೆ ಬರೀರಿ, ನನಗೊಂಚೂರು ಸಮಾಧಾನ ಆಗುತ್ತೆ :)