ಲಿಂಕನ್ ಹತ್ಯೆಯ ಸಾಕ್ಷಿ ಟಿವಿ ಶೋಗೆ ಬಂದಿದ್ದು ನಿಜವೇ?

ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಹತ್ಯೆಯಾಗಿದ್ದು 1865ರಲ್ಲಿ. ಅದನ್ನು ಕಂಡವರೊಬ್ಬರು ಟಿವಿಯಲ್ಲಿ ಕುಳಿತಿರುವ ಕಪ್ಪು-ಬಿಳುಪು ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದು ಎಡಿಟ್ ಮಾಡಿದ್ದೇ?

ಅಲ್ಲ, ವಿಡಿಯೋ ಅಸಲಿ. ಅದು ಸಿಬಿಎಸ್ ವಾಹಿನಿಯ 'ಐ ಹ್ಯಾವ್ ಗಾಟ್ ಎ ಸೀಕ್ರೆಟ್' ಕಾರ್ಯಕ್ರಮ. ಅತಿಥಿಯ ಗುಟ್ಟನ್ನು ವೀಕ್ಷಕರಿಗೆ ಮೊದಲೇ ತೋರಿಸುತ್ತಿದ್ದರು. ಎದುರು ಕುಳಿತ ನಾಲ್ವರು ಪ್ರಶ್ನೆ ಕೇಳಿ ಅದನ್ನು ಕಂಡುಹಿಡಿಯಬೇಕಿತ್ತು.

1956ರ ಫೆಬ್ರವರಿ 9ರಂದು ಬಂದ ಅತಿಥಿ ಸ್ಯಾಮ್ಯುಯಲ್ ಸೇಮೂರ್. ಅವರು ಹುಟ್ಟಿದ್ದು 1860ರ ಮಾರ್ಚ್‌ನಲ್ಲಿ. ಅಂದರೆ ಹತ್ಯೆಯಾದಾಗ 5 ವರ್ಷ, ಟಿವಿಗೆ ಬಂದಾಗ 95. ಲೆಕ್ಕ ಸರಿಯಾಗಿಯೇ ಇದೆ.

ಹಾಗಾದರೆ ಅವರು ಗುಂಡು ಹಾರಿದ್ದನ್ನು ಕಣ್ಣಾರೆ ಕಂಡರೇ? ಇಲ್ಲ. ವಾಷಿಂಗ್ಟನ್‌ನ ಫೋರ್ಡ್ಸ್ ಥಿಯೇಟರ್‌ನಲ್ಲಿ ಗುಂಡಿನ ಸದ್ದು ಕೇಳಿಸಿತು, ಬಾಲ್ಕನಿಯಿಂದ ಒಬ್ಬ ವೇದಿಕೆಗೆ ಬಿದ್ದಿದ್ದು ಕಾಣಿಸಿತು ಎಂಬುದು ಅವರ ಮಾತು. ಬಿದ್ದವನೇ ಹಂತಕ ಜಾನ್ ವಿಲ್ಕ್ಸ್ ಬೂತ್. ಏನಾಯಿತೆಂದು ತಿಳಿಯದ ಆ ಮಗು, ಬಿದ್ದವನಿಗೆ ಪೆಟ್ಟಾಯಿತೇನೋ ಎಂದು ಮರುಗಿತ್ತಂತೆ!

ಪ್ರಶ್ನೆ ಕೇಳುತ್ತಲೇ ತಂಡದವರು ಗುಟ್ಟನ್ನು ಬಿಡಿಸಿದರು. ಎರಡು ತಿಂಗಳ ಬಳಿಕ, ಏಪ್ರಿಲ್ 12ರಂದು ಸೇಮೂರ್ ತೀರಿಕೊಂಡರು.

ಒಂದು ಮಾತು ನೆನಪಿಡಿ: ವಿಡಿಯೋ ಅಸಲಿ ಎಂದ ಮಾತ್ರಕ್ಕೆ ಅದರಲ್ಲಿರುವ ಪ್ರತಿ ಮಾತೂ ಸಾಬೀತಾದಂತಲ್ಲ. ಇದು 90 ವರ್ಷಗಳ ಬಳಿಕ ಹೇಳಿದ ಬಾಲ್ಯದ ನೆನಪು.

ನಮ್ಮ ತೀರ್ಮಾನ: ವಿಡಿಯೋ ನಿಜ. ಫಾರ್ವರ್ಡ್ ಮಾಡುವುದಾದರೆ 'ಕೊಲೆಯನ್ನೇ ಕಂಡವರು' ಎಂದು ಬರೆಯಬೇಡಿ. 'ಅಂದು ಥಿಯೇಟರ್‌ನಲ್ಲಿದ್ದೆ ಎಂದು ಹೇಳಿದವರು' ಎಂದು ಬರೆಯಿರಿ.