ವರದಿಗಾರರಿಲ್ಲದ ಯುದ್ಧ: ಅಮೆರಿಕದ ಸ್ವಾತಂತ್ರ್ಯ ಸಮರ ಮತ್ತು ಅಂದಿನ ಪತ್ರಿಕೆಗಳು

1775ರ ಏಪ್ರಿಲ್ ಕೊನೆಯ ವಾರ. ಮ್ಯಾಸಚೂಸೆಟ್ಸ್‌ನ ಸೇಲಂ ಬಂದರಿನಿಂದ ‘ಕ್ವೆರೊ’ ಎಂಬ ಸಣ್ಣ ಹಾಯಿಹಡಗು ಸದ್ದಿಲ್ಲದೆ ಹೊರಟಿತು. ಅದರಲ್ಲಿ ಮಾರುವ ಸರಕು ಒಂದೂ ಇರಲಿಲ್ಲ. ಕಪ್ತಾನ ಜಾನ್ ಡರ್ಬಿ ಜೋಪಾನ ಮಾಡಿದ್ದು ಒಂದು ಕಟ್ಟು ಕಾಗದವನ್ನು. ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಊರುಗಳಲ್ಲಿ ಬ್ರಿಟಿಷ್ ಸೈನಿಕರಿಗೂ ಊರವರಿಗೂ ನಡೆದ ಗುಂಡಿನ ಕಾಳಗವನ್ನು ಕಣ್ಣಾರೆ ಕಂಡವರ ಪ್ರಮಾಣಪತ್ರಗಳು ಆ ಕಟ್ಟಿನಲ್ಲಿದ್ದವು. ಜೊತೆಗೆ ಅದೇ ಸುದ್ದಿ ಅಚ್ಚಾಗಿದ್ದ ‘ಎಸೆಕ್ಸ್ ಗೆಜೆಟ್’ ಪತ್ರಿಕೆಯ ಪ್ರತಿಗಳು.

ಬ್ರಿಟಿಷ್ ದಂಡನಾಯಕ ಗೇಜ್ ತನ್ನ ವರದಿಯನ್ನು ‘ಸುಕಿ’ ಎಂಬ ಹಡಗಿನಲ್ಲಿ ನಾಲ್ಕು ದಿನ ಮೊದಲೇ ಕಳಿಸಿಯಾಗಿತ್ತು. ಆದರೆ ಅದು ಸರಕು ತುಂಬಿದ ಭಾರದ ಹಡಗು. ಮೇ ಕೊನೆಯಲ್ಲಿ ಡರ್ಬಿ ಲಂಡನ್ನಿಗೆ ಬಂದಾಗ ಸುಕಿಯ ಸುಳಿವೇ ಇರಲಿಲ್ಲ. ‘ಮೊದಲು ಗುಂಡು ಹಾರಿಸಿದವರು ದೊರೆಯ ಸೈನಿಕರು’ ಎಂಬ ಅಮೆರಿಕನ್ನರ ಮಾತು ಲಂಡನ್ ಪತ್ರಿಕೆಗಳಲ್ಲಿ ಓಡಾಡತೊಡಗಿತು. ತನಗಿನ್ನೂ ಯಾವ ಸಮಾಚಾರವೂ ಬಂದಿಲ್ಲ ಎಂದು ಸರ್ಕಾರ ತನ್ನದೇ ‘ಲಂಡನ್ ಗೆಜೆಟ್’ನಲ್ಲಿ ಪ್ರಕಟಿಸಬೇಕಾಯಿತು. ವಸಾಹತುಗಳ ಪ್ರತಿನಿಧಿ ಆರ್ಥರ್ ಲೀ ಕೂಡಲೇ ಉತ್ತರ ಕೊಟ್ಟ: ಅನುಮಾನವಿದ್ದವರು ಲಾರ್ಡ್ ಮೇಯರ್ ಮನೆಗೆ ಹೋಗಿ ಮೂಲ ಪ್ರಮಾಣಪತ್ರಗಳನ್ನೇ ನೋಡಿಕೊಳ್ಳಬಹುದು. ಆ ಲಾರ್ಡ್ ಮೇಯರ್ ಬೇರೆ ಯಾರೂ ಅಲ್ಲ, ದೊರೆಯನ್ನು ಟೀಕಿಸಿ ಪತ್ರಿಕೆ ನಡೆಸಿ ಹಿಂದೆ ಜೈಲು ಕಂಡಿದ್ದ ಜಾನ್ ವಿಲ್ಕ್ಸ್! ಗೇಜ್‌ನ ವರದಿ ಕೈಸೇರಲು ಮತ್ತೆ ಹತ್ತು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಕತೆ ಊರೆಲ್ಲ ಹಬ್ಬಿತ್ತು.

ಆ ಯುದ್ಧದ ಸುದ್ದಿ ಓದುಗನಿಗೆ ಹೇಗೆ ತಲುಪುತ್ತಿತ್ತು ಎಂಬುದನ್ನು ಈ ಪ್ರಸಂಗ ಚೆನ್ನಾಗಿ ತೋರಿಸುತ್ತದೆ. ರಣರಂಗಕ್ಕೆ ಹೋಗಿ ಬರೆಯುವ ವರದಿಗಾರ ಎಂಬ ಕಸುಬೇ ಆಗ ಇರಲಿಲ್ಲ. ಪತ್ರಿಕೆಯೆಂದರೆ ಸಾಮಾನ್ಯವಾಗಿ ನಾಲ್ಕು ಪುಟದ ವಾರಪತ್ರಿಕೆ. ಅದರ ಒಡೆಯ, ಸಂಪಾದಕ, ಮುದ್ರಕ ಎಲ್ಲ ಒಬ್ಬನೇ. ಮರದ ಅಚ್ಚುಯಂತ್ರದ ಮುಂದೆ ಒಬ್ಬ ತೊಗಲಿನ ಉಂಡೆಯಿಂದ ಮೊಳೆಗಳಿಗೆ ಮಸಿ ಬಳಿಯುವುದು, ಇನ್ನೊಬ್ಬ ಹಿಡಿ ಎಳೆದು ಒತ್ತುವುದು. ಇಬ್ಬರೂ ಬೆವರು ಸುರಿಸಿದರೂ ಗಂಟೆಗೆ ಇನ್ನೂರು ಚಿಲ್ಲರೆ ಹಾಳೆಯ ಒಂದು ಮಗ್ಗುಲು ಮಾತ್ರ ಮುಗಿಯುತ್ತಿತ್ತು. ಕಾಗದವಾಗುತ್ತಿದ್ದದ್ದು ಹಳೆಯ ಬಟ್ಟೆಯಿಂದ. ಯುದ್ಧಕಾಲದಲ್ಲಿ ಚಿಂದಿ ಕೂಡಿಟ್ಟು ಕೊಡಿ ಎಂದು ಮುದ್ರಕರು ತಮ್ಮ ಪತ್ರಿಕೆಗಳಲ್ಲೇ ಓದುಗರನ್ನು ಬೇಡಿಕೊಳ್ಳುತ್ತಿದ್ದರು.

ಹಾಗಾದರೆ ಸುದ್ದಿ? ಯಾರೋ ಯಾರಿಗೋ ಬರೆದ ಕಾಗದದ ತುಣುಕು, ಬಂದರಿಗೆ ಬಂದ ಕಪ್ತಾನನ ಬಾಯಿಮಾತು, ಎಲ್ಲಕ್ಕಿಂತ ಹೆಚ್ಚಾಗಿ ಬೇರೆ ಪತ್ರಿಕೆಗಳು. ಮುದ್ರಕರು ತಮ್ಮ ತಮ್ಮಲ್ಲಿ ಅಂಚೆವೆಚ್ಚವಿಲ್ಲದೆ ಪತ್ರಿಕೆ ಬದಲಾಯಿಸಿಕೊಳ್ಳುತ್ತಿದ್ದರು; ಒಬ್ಬ ಅಚ್ಚು ಹಾಕಿದ್ದನ್ನು ಇನ್ನೊಬ್ಬ ಇದ್ದಹಾಗೇ ಎತ್ತಿ ಹಾಕುತ್ತಿದ್ದ. ಇದನ್ನು ಕಳ್ಳತನವೆಂದು ಯಾರೂ ಭಾವಿಸಲಿಲ್ಲ. ಒಂದೇ ಬರಹ ಹೀಗೆ ಇಡೀ ಕರಾವಳಿಯಲ್ಲಿ ಓಡಬಲ್ಲದಾಗಿತ್ತು. ಜಾನ್ ಡಿಕಿನ್ಸನ್ 1767–68ರಲ್ಲಿ ಬರೆದ ‘ರೈತನ ಪತ್ರಗಳು’ ಅಂದಿನ ಬಹುಪಾಲು ವಸಾಹತು ಪತ್ರಿಕೆಗಳಲ್ಲಿ ಮರುಮುದ್ರಣ ಕಂಡವು.

ಮುದ್ರಕರು ಮೊದಲಿನಿಂದಲೂ ಕ್ರಾಂತಿಕಾರಿಗಳಾಗಿದ್ದರು ಎನ್ನುವಂತಿಲ್ಲ. ಅವರು ವ್ಯಾಪಾರಿಗಳು, ದುಡ್ಡು ಕೊಟ್ಟವರದ್ದೆಲ್ಲ ಅಚ್ಚು ಹಾಕುತ್ತಿದ್ದರು. ಅವರನ್ನು ಕೆರಳಿಸಿದ್ದು ಬ್ರಿಟನ್ ಹೇರಿದ 1765ರ ಸ್ಟಾಂಪ್ ಕಾಯಿದೆ. ಪತ್ರಿಕೆಯ ಹಾಳೆಗೆ ತೆರಿಗೆ, ಪ್ರತಿ ಜಾಹೀರಾತಿಗೂ ಎರಡು ಷಿಲಿಂಗ್. ಹೊಟ್ಟೆಯ ಮೇಲೇ ಹೊಡೆತ ಬಿತ್ತು. ಕಾಯಿದೆ ಜಾರಿಯಾಗುವ ಹಿಂದಿನ ದಿನ ಫಿಲಡೆಲ್ಫಿಯಾದ ವಿಲಿಯಂ ಬ್ರಾಡ್‌ಫರ್ಡ್ ತನ್ನ ‘ಪೆನ್ಸಿಲ್ವೇನಿಯಾ ಜರ್ನಲ್’ನ ಮುಖಪುಟವನ್ನು ಗೋರಿಕಲ್ಲಿನಂತೆ ರಚಿಸಿ, ತಲೆಬುರುಡೆಯ ಚಿತ್ರ ಹಾಕಿ ಹೊರತಂದ.

ಅಲ್ಲಿಂದ ಮುಂದೆ ಶೋಕವೇ ಒಂದು ಮುದ್ರಣತಂತ್ರವಾಯಿತು. 1770ರ ಮಾರ್ಚ್ 5ರಂದು ಬಾಸ್ಟನ್ನಿನಲ್ಲಿ ಸೈನಿಕರು ಜನರ ಮೇಲೆ ಗುಂಡು ಹಾರಿಸಿದಾಗ, ಮುಂದಿನ ವಾರದ ‘ಬಾಸ್ಟನ್ ಗೆಜೆಟ್’ ಅಂಕಣಗಳ ನಡುವೆ ದಪ್ಪ ಕಪ್ಪು ಗೆರೆ ಹಾಕಿ, ಸತ್ತವರ ಹೆಸರಿನ ಮೊದಲಕ್ಷರಗಳುಳ್ಳ ನಾಲ್ಕು ಶವಪೆಟ್ಟಿಗೆಗಳನ್ನು ಅಚ್ಚು ಹಾಕಿತು. ಓದು ಬಾರದವನಿಗೂ ಅದು ಅರ್ಥವಾಗುತ್ತಿತ್ತು. ಅಂದಹಾಗೆ, ಆ ಪತ್ರಿಕೆಯ ಕಚೇರಿಯಲ್ಲಿ ಒಂದು ಭಾನುವಾರದ ಸಂಜೆ ಗೆಳೆಯರೊಡನೆ ಮರುದಿನದ ಸಂಚಿಕೆಗೆ ಸುದ್ದಿ ‘ಬೇಯಿಸಿದ್ದನ್ನು’ ಜಾನ್ ಆಡಮ್ಸ್ ತನ್ನ ದಿನಚರಿಯಲ್ಲಿ ಸಂಕೋಚವಿಲ್ಲದೆ ಬರೆದುಕೊಂಡಿದ್ದಾನೆ. ಮುಂದೆ ಆತ ಅಮೆರಿಕದ ಎರಡನೆಯ ಅಧ್ಯಕ್ಷ.

ಯುದ್ಧ ಹತ್ತಿರವಾದಂತೆ ಎರಡು ಕಡೆಗೂ ಸಲ್ಲುವ ಮುದ್ರಕನಿಗೆ ಜಾಗವಿಲ್ಲದಾಯಿತು. ಕ್ರಾಂತಿಯ ಪರ ನಿಂತ ಐಸಾಯಾ ಥಾಮಸ್ ಲೆಕ್ಸಿಂಗ್ಟನ್ ಕಾಳಗಕ್ಕೆ ಕೆಲವೇ ದಿನ ಮೊದಲು ತನ್ನ ‘ಮ್ಯಾಸಚೂಸೆಟ್ಸ್ ಸ್ಪೈ’ ಪತ್ರಿಕೆಯ ಅಚ್ಚುಯಂತ್ರವನ್ನು ರಾತ್ರೋರಾತ್ರಿ ಬಾಸ್ಟನ್ನಿನಿಂದ ವೂಸ್ಟರ್ ಊರಿಗೆ ಸಾಗಿಸಿದ. ನ್ಯೂಯಾರ್ಕಿನ ಜೇಮ್ಸ್ ರಿವಿಂಗ್ಟನ್‌ನದು ಇದಕ್ಕೆ ತಿರುವುಮುರುವಾದ ಕತೆ. ಇಬ್ಬರ ವಾದವನ್ನೂ ಹಾಕುತ್ತೇನೆ ಎಂದವನು ದೊರೆಯ ಕಡೆಯವನೆಂದು ಹೆಸರಾದ. ಜನ ಅವನ ಪ್ರತಿಕೃತಿಯನ್ನು ನೇಣಿಗೆ ಹಾಕಿದರು. ಅವನೋ ಆ ನೇಣಿನ ಚಿತ್ರವನ್ನೇ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ. 1775ರ ನವೆಂಬರಿನಲ್ಲಿ ಕುದುರೆ ಸವಾರರ ದಂಡು ಬಂದು ಅವನ ಅಚ್ಚುಮೊಳೆಗಳನ್ನು ಹೊತ್ತೊಯ್ದಿತು. ಎರಡು ವರ್ಷದ ಮೇಲೆ ದೊರೆಯ ಮುದ್ರಕನಾಗಿ ಮರಳಿದ ಈತ, ಒಳಗೊಳಗೇ ಅಮೆರಿಕನ್ನರ ದಂಡನಾಯಕ ವಾಷಿಂಗ್ಟನ್ನಿಗೆ ಗುಟ್ಟು ರವಾನಿಸುತ್ತಿದ್ದ ಎಂದು ಹಲವು ಇತಿಹಾಸಕಾರರು ವಾದಿಸುತ್ತಾರೆ.

ಅಪ್ಪಟ ಸುಳ್ಳಿಗೂ ಅಚ್ಚುಮೊಳೆ ಒದಗಿತು. ಫ್ರಾನ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ 1782ರಲ್ಲಿ ಬಾಸ್ಟನ್ ಪತ್ರಿಕೆಯೊಂದರ ಪುರವಣಿಯನ್ನೇ ನಕಲಿಯಾಗಿ ಸೃಷ್ಟಿಸಿದ. ಬ್ರಿಟಿಷರ ಪರವಾದ ಮೂಲನಿವಾಸಿಗಳು ವಸಾಹತುಗಾರರ ನೆತ್ತಿಯ ಚರ್ಮ ಸುಲಿದು ಮೂಟೆ ಕಟ್ಟಿ ಕಳಿಸುತ್ತಿದ್ದಾರೆ ಎಂಬ ಕಟ್ಟುಕತೆ ಅದರಲ್ಲಿತ್ತು. ನಂಬಿಕೆ ಹುಟ್ಟಲೆಂದು ಕಳೆದುಹೋದ ಕುದುರೆಯ ಜಾಹೀರಾತನ್ನೂ ಸೇರಿಸಿದ್ದ. ಬ್ರಿಟಿಷ್ ಪತ್ರಿಕೆಗಳು ಅದನ್ನು ಎತ್ತಿ ಹಾಕಿದವು. ಫ್ರಾಂಕ್ಲಿನ್ನನ ಚಾತುರ್ಯವನ್ನು ಮೆಚ್ಚುವವರು ಆ ಸುಳ್ಳಿನ ಹೊರೆ ಯಾರ ತಲೆಗೆ ಬಿತ್ತು ಎಂಬುದನ್ನೂ ನೋಡಬೇಕು.

ನಿಜವಾದ ಜಾಹೀರಾತುಗಳು ಇನ್ನೊಂದು ಕತೆ ಹೇಳುತ್ತವೆ. 1769ರ ‘ವರ್ಜೀನಿಯಾ ಗೆಜೆಟ್’ನಲ್ಲಿ ಓಡಿಹೋದ ಗುಲಾಮ ಸ್ಯಾಂಡಿಯನ್ನು ಹಿಡಿದುಕೊಡಿ ಎಂಬ ಪ್ರಕಟಣೆ ಇದೆ. ಅವನು ಎಡಚ, ಕಸುಬಿನಲ್ಲಿ ಚಮ್ಮಾರ ಎಂಬ ಗುರುತು, ವಸಾಹತಿನಾಚೆ ಸಿಕ್ಕರೆ 10 ಪೌಂಡ್ ಇನಾಮು. ಪ್ರಕಟಣೆ ಕೊಟ್ಟವನು ಥಾಮಸ್ ಜೆಫರ್‌ಸನ್. ಎಲ್ಲ ಮನುಷ್ಯರೂ ಸಮಾನರೆಂದು ಅವನು ಬರೆದ ಸ್ವಾತಂತ್ರ್ಯ ಘೋಷಣೆ ಪತ್ರಿಕೆಯಲ್ಲಿ ಮೊದಲು ಅಚ್ಚಾದದ್ದು 1776ರ ಜುಲೈ 6ರ ‘ಪೆನ್ಸಿಲ್ವೇನಿಯಾ ಈವ್ನಿಂಗ್ ಪೋಸ್ಟ್’ನಲ್ಲಿ.

ಈ ಯುದ್ಧದ ಸುದ್ದಿಯಲ್ಲಿ ಮೈಸೂರಿಗೂ ಪಾಲಿದೆ. ಬ್ರಿಟಿಷರ ವೈರಿಯೆಂಬ ಕಾರಣಕ್ಕೆ ಹೈದರಾಲಿಯ ಹೆಸರು ಅಮೆರಿಕದ ಪತ್ರಿಕೆ ಓದುಗರಿಗೆ ಪರಿಚಿತವಾಗಿತ್ತು. ಪೆನ್ಸಿಲ್ವೇನಿಯಾ ತನ್ನ ವ್ಯಾಪಾರಿ ಹಡಗುಗಳ ಕಾವಲಿಗೆ ಸಜ್ಜುಗೊಳಿಸಿದ ನೌಕೆಯೊಂದರ ಹೆಸರೇ ‘ಹೈದರ್ ಅಲಿ’. 1782ರ ಏಪ್ರಿಲ್ 8ರಂದು, ಜೋಶುವಾ ಬಾರ್ನಿಯ ನಾಯಕತ್ವದಲ್ಲಿ, ತನಗಿಂತ ಬಲವಾದ ಬ್ರಿಟಿಷ್ ನೌಕೆ ‘ಜನರಲ್ ಮಂಕ್’ಅನ್ನು ಅದು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಕವಿ ಫಿಲಿಪ್ ಫ್ರೆನೊ ಆ ಗೆಲುವಿನ ಮೇಲೆ ಪದ್ಯ ಕಟ್ಟಿದ. ಇತ್ತ 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಇಂಗ್ಲಿಷ್ ಪಡೆಯನ್ನು ನುಚ್ಚುನೂರು ಮಾಡಿದಾಗ, ಕಲ್ಕತ್ತೆಯಲ್ಲಿ ಹಿಕಿಯ ‘ಬೆಂಗಾಲ್ ಗೆಜೆಟ್’ ಶುರುವಾಗಿ ಎಂಟು ತಿಂಗಳೂ ತುಂಬಿರಲಿಲ್ಲ. ಮೈಸೂರು ಯುದ್ಧದ ಸುದ್ದಿಗಳು ಅದರಲ್ಲಿ ಇಂಗ್ಲಿಷಿನಲ್ಲಿ ಬಂದವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು.