ಮುನ್ನೂರು ಕಿಲೋಮೀಟರಿನ ಲೆಕ್ಕ

ಜಯನಗರದ ಶಾಲೆಯೊಂದರಲ್ಲಿ ಭೂಗೋಳ ಬೋಧಿಸುತ್ತಿದ್ದಾಗ ಮಕ್ಕಳಿಗೆ ಪ್ರತಿವರ್ಷವೂ ಒಂದು ಲೆಕ್ಕ ಕೊಡುತ್ತಿದ್ದೆ. ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ಆಕಾಶಮಾರ್ಗದಲ್ಲಿ ಎಷ್ಟು ದೂರ? ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎಚ್.ಎ.ಎಲ್. ಇರುವುದು ಸುಮಾರು 77 ಡಿಗ್ರಿ 40 ನಿಮಿಷ ಪೂರ್ವ ರೇಖಾಂಶದಲ್ಲಿ, ಬಜ್ಪೆ ಸುಮಾರು 74 ಡಿಗ್ರಿ 53 ನಿಮಿಷದಲ್ಲಿ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿ.ಮೀ. ಗುಣಿಸಿದರೆ 300 ಕಿ.ಮೀ. ಬರುತ್ತದೆ. ಘಟ್ಟವಿಳಿದು ಹೋಗುವ ರಸ್ತೆ ಸುಮಾರು 350 ಕಿ.ಮೀ.

ಕಾಲದ ಲೆಕ್ಕ ಇಷ್ಟು ಸುಲಭವಲ್ಲ. ಬಜ್ಪೆ ನಿಲ್ದಾಣದ ಆರಂಭಕ್ಕೆ 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಬಂದಿಳಿದದ್ದು ಡಕೋಟಾ ವಿಮಾನದಲ್ಲಿ. ಅದರ ವೇಗ ಗಂಟೆಗೆ ಸುಮಾರು 300 ಕಿ.ಮೀ. ಇಂದಿನ ಜೆಟ್ ವಿಮಾನದ ವೇಗ 800ರ ಆಸುಪಾಸು. ಹಾಗಿದ್ದರೂ ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಇಂದಿಗೂ ಸುಮಾರು ಒಂದು ಗಂಟೆಯನ್ನೇ ನಮೂದಿಸುತ್ತಾರೆ. ವಿಮಾನವು ನಿಂತಲ್ಲಿಂದ ಕದಲಿದ ಕ್ಷಣದಿಂದ ಮತ್ತೆ ನಿಲ್ಲುವವರೆಗಿನ ಕಾಲವೆಲ್ಲ ಅದರಲ್ಲಿ ಸೇರಿರುತ್ತದೆ. ಮೇಲೇರುವುದಕ್ಕೆ, ಇಳಿಯುವುದಕ್ಕೆ, ಗುಡ್ಡದ ನೆತ್ತಿಯ ಮೇಲಿರುವ ಬಜ್ಪೆಯ ರನ್‌ವೇಗೆ ನೇರವಾಗಿ ಬರುವುದಕ್ಕೆ ಹೊತ್ತು ಹಿಡಿಯುವುದರಿಂದ, ಪೂರ್ಣ ವೇಗದಲ್ಲಿ ಹಾರುವುದು ಕೆಲವೇ ನಿಮಿಷ.

ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ವಾಲಚಂದ್ ಹೀರಾಚಂದರು 1940ರಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯ ನಿಲ್ದಾಣವೇ ಬಹುಕಾಲ ಬೆಂಗಳೂರಿನ ನಾಗರಿಕ ನಿಲ್ದಾಣವೂ ಆಗಿತ್ತು. ಜಯನಗರದಿಂದ ಅಲ್ಲಿಗೆ ಸುಮಾರು 12 ಕಿ.ಮೀ. ತೊಂಬತ್ತರ ದಶಕದಲ್ಲಿ ಒಮ್ಮೆ, ತಂದೆಯವರಿಗೆ ಕಾಯಿಲೆ ಉಲ್ಬಣಿಸಿದೆಯೆಂದು ಮಂಗಳೂರಿನಿಂದ ಕರೆ ಬಂದಾಗ, ಬೆಳಗಿನ ಕಾಫಿ ಕುಡಿದು ಆಟೋ ಹತ್ತಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಮಂಚದ ಬಳಿ ಕುಳಿತಿದ್ದೆ.

2008ರ ಮೇ 24ರಂದು ದೇವನಹಳ್ಳಿಯ ಬಳಿಯ ಹೊಸ ನಿಲ್ದಾಣ ಆರಂಭವಾಯಿತು. ಎಚ್.ಎ.ಎಲ್.ನಲ್ಲಿ ಸಾರ್ವಜನಿಕ ವಿಮಾನಗಳ ಸಂಚಾರ ನಿಂತಿತು. ಅದಕ್ಕೆ ಕೆಂಪೇಗೌಡರ ಹೆಸರು ಬಂದದ್ದು 2013ರಲ್ಲಿ. 2004ರ ಒಪ್ಪಂದದಲ್ಲಿ, ಮೈಸೂರು ಮತ್ತು ಹಾಸನಗಳನ್ನು ಬಿಟ್ಟು, ವೈಮಾನಿಕ ದೂರ 150 ಕಿ.ಮೀ.ಯೊಳಗೆ ಬೇರೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ 25 ವರ್ಷ ಅವಕಾಶವಿಲ್ಲವೆಂಬ ಷರತ್ತೂ ಇತ್ತು. ಅಳತೆಗೋಲು ಅಲ್ಲಿಯೂ ಆಕಾಶದ್ದೇ.

ಹಳೆಯ ನಿಲ್ದಾಣದಿಂದ ಹೊಸದಕ್ಕೆ ನೇರ ದೂರ 28 ಕಿ.ಮೀ. ಇರಬಹುದು. ಬಜ್ಪೆಯ ದೂರದಲ್ಲಿ ಹೆಚ್ಚಾದದ್ದು ಐದಾರು ಕಿ.ಮೀ. ಮಾತ್ರ. ಆದರೆ ಜಯನಗರದ ನನ್ನ ಮನೆಬಾಗಿಲಿನಿಂದ ರಸ್ತೆ 40 ಕಿ.ಮೀ. ದಾಟಿತು.

ಅದೇ ವರ್ಷದ ಮಳೆಗಾಲದಲ್ಲಿ ಮಂಗಳೂರಿನ ಅಕ್ಕನಿಗೆ ಮರುದಿನ ಬೆಳಗ್ಗೆಯೇ ಶಸ್ತ್ರಚಿಕಿತ್ಸೆ ಎಂದು ಸುದ್ದಿ ಬಂತು. ಒಳಗೆ ಕರೆದೊಯ್ಯುವ ಮೊದಲು ಅವಳ ಮುಖ ನೋಡಬೇಕೆಂದು ಸಂಜೆಯ ವಿಮಾನಕ್ಕೆ ಹೊರಟೆ. ಹಾರಾಟ ಒಂದೇ ಗಂಟೆಯಲ್ಲವೇ ಎಂಬ ಹಳೆಯ ಲೆಕ್ಕ ತಲೆಯಲ್ಲಿತ್ತು. ಹೆಬ್ಬಾಳದ ಹತ್ತಿರ ಮಳೆ, ವಾಹನಗಳ ಸಾಲು. ನಿಲ್ದಾಣ ಮುಟ್ಟುವ ಹೊತ್ತಿಗೆ ವಿಮಾನ ಹೊರಟುಹೋಗಿತ್ತು. ಹಿಂತಿರುಗಿ ರಾತ್ರಿ ಬಸ್ಸು ಹಿಡಿದು, ಮರುದಿನ ಆಸ್ಪತ್ರೆ ತಲುಪಿದಾಗ ಅಕ್ಕನನ್ನು ಒಳಗೆ ಕರೆದೊಯ್ದು ಒಂದು ಗಂಟೆಯಾಗಿತ್ತು.

ದೇವರ ದಯೆ, ಅಕ್ಕ ಚೇತರಿಸಿಕೊಂಡಳು. ಸಂಜೆ ಕಣ್ಣು ಬಿಟ್ಟವಳು, "ಯಾವಾಗ ಬಂದೆಯೋ?" ಎಂದಷ್ಟೇ ಕೇಳಿದಳು. ತಪ್ಪು ಯಾರದೂ ಅಲ್ಲ, ನನ್ನದೇ. ಅಷ್ಟು ವರ್ಷ ಮಕ್ಕಳಿಗೆ ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯುವುದನ್ನು ಕಲಿಸಿದೆನೇ ಹೊರತು, ಮನೆಯ ಹೊಸ್ತಿಲಿನಿಂದ ರೋಗಿಯ ಮಂಚದವರೆಗೆ ಅಳೆಯುವುದನ್ನು ಕಲಿಸಲಿಲ್ಲ. ಈ ಬರಹ ಓದುವ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಆ ಲೆಕ್ಕವನ್ನು ದಯವಿಟ್ಟು ತಿದ್ದಿಕೊಳ್ಳಿ.